ಮನೆಬಾಗಿಲಿಗೆ ಬರುವ ರಕ್ತಪರೀಕ್ಷೆ: ಬೆಂಗಳೂರಿನ ಸೇವೆಯನ್ನು ಟ್ಯೂಬಿನ ಒಳಗಿನಿಂದ ನೋಡಿದಾಗ

ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಬೆಂಗಳೂರಿನ ಯಾವ ಬಡಾವಣೆಯಲ್ಲಿ ನಿಂತರೂ, ಚೌಕಾಕಾರದ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಸ್ಕೂಟರಿನಲ್ಲಿ ಮನೆಯಿಂದ ಮನೆಗೆ ಓಡಾಡುವ ಲ್ಯಾಬಿನವರು ಕಣ್ಣಿಗೆ ಬೀಳುತ್ತಾರೆ. ಫೋನಿನಲ್ಲಿ ಬುಕ್ ಮಾಡಿದರೆ ಸಾಕು, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಂಜೆಯೊಳಗೆ ರಿಪೋರ್ಟ್ ವಾಟ್ಸ್ಆ್ಯಪಿಗೆ ಬರುತ್ತದೆ. ವಯಸ್ಸಾದವರಿಗೆ, ಬಾಣಂತಿಯರಿಗೆ, ಹಾಸಿಗೆ ಹಿಡಿದವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಅನುಕೂಲದ ಲೆಕ್ಕದಲ್ಲಿ ಈ ಸೇವೆಗೆ ಪೂರ್ತಿ ಅಂಕ ಕೊಡಬಹುದು, ಅದರಲ್ಲಿ ತಕರಾರಿಲ್ಲ.

ಫಲಿತಾಂಶ ಎಷ್ಟು ನಂಬಿಕೆಗೆ ಅರ್ಹ ಎನ್ನುವುದು ಬೇರೆಯೇ ಪ್ರಶ್ನೆ. ಹೆಚ್ಚಿನವರು ಪ್ಯಾಕೇಜಿನಲ್ಲಿ ಎಷ್ಟು ಟೆಸ್ಟ್ ಇವೆ, ರಿಯಾಯಿತಿ ಎಷ್ಟು ಎಂದು ನೋಡಿ ಲ್ಯಾಬ್ ಆರಿಸುತ್ತಾರೆ. ನೋಡಬೇಕಾದದ್ದು ತೋಳಿನಿಂದ, ರಕ್ತವನ್ನು ವೇಗವಾಗಿ ತಿರುಗಿಸಿ ಕಣಗಳನ್ನೂ ದ್ರವವನ್ನೂ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರದವರೆಗಿನ ಸುಮಾರು ಎರಡು ಗಂಟೆಯ ಹಾದಿಯನ್ನು. ಇವತ್ತಿನ ಲ್ಯಾಬ್ ಯಂತ್ರಗಳು ಬಹಳ ನಿಖರವಾಗಿವೆ. ತಪ್ಪುಗಳಲ್ಲಿ ಹೆಚ್ಚಿನವು ಸ್ಯಾಂಪಲ್ ಯಂತ್ರಕ್ಕೆ ತಲುಪುವ ಮುಂಚೆಯೇ ಆಗಿರುತ್ತವೆ. ಮನೆಗೆ ಬಂದು ತೆಗೆಯುವ ಸೇವೆಯಲ್ಲಿ ಆ ಹಾದಿ ಉದ್ದ, ಮಧ್ಯೆ ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ವಾಹನ ಕಿಕ್ಕಿರಿಯುವ ಜಂಕ್ಷನ್‌ಗಳೂ ಇವೆ.

ಈ ಎರಡು ಗಂಟೆ ಯಾಕೆ ಮುಖ್ಯ ಎಂದರೆ, ಟ್ಯೂಬಿಗೆ ಇಳಿದ ಮೇಲೂ ರಕ್ತ ಬದುಕಿರುತ್ತದೆ. ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲ, ಮೈಟೊಕಾಂಡ್ರಿಯಾ ಇಲ್ಲ. ಅದಕ್ಕೆ ಬೇಕಾದ ಶಕ್ತಿಯೆಲ್ಲ ಒಂದೇ ದಾರಿಯಿಂದ ಬರಬೇಕು: ಸುತ್ತಲಿನ ಗ್ಲೂಕೋಸನ್ನು ಹೀರಿ, ಹತ್ತು ಹಂತಗಳಲ್ಲಿ ಒಡೆದು, ಎಟಿಪಿ ಎಂಬ ಶಕ್ತಿಯ ಅಣು ಮಾಡಿಕೊಳ್ಳುವುದು. ಆ ಎಟಿಪಿಯ ದೊಡ್ಡ ಪಾಲು ಕಣದ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪಿಗೆ ಹೋಗುತ್ತದೆ. ಒಂದು ಎಟಿಪಿ ಖರ್ಚಾದರೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ವಿವರಿಸಿದ, 1997ರಲ್ಲಿ ಅವರಿಗೆ ನೊಬೆಲ್ ತಂದ ಪಂಪು ಇದೇ. ತೋಳಿನಲ್ಲಿದ್ದಾಗ ಈ ಕಣಕ್ಕೆ ಸಕ್ಕರೆ ಸದಾ ಸರಬರಾಜಾಗುತ್ತಿರುತ್ತದೆ. ಟ್ಯೂಬಿನಲ್ಲಿ ಇರುವುದು ಮೂರ್ನಾಲ್ಕು ಮಿಲಿಲೀಟರ್ ರಕ್ತದಲ್ಲಿದ್ದಷ್ಟೇ ಸಕ್ಕರೆ. ಅದನ್ನೇ ಅದು ತಿನ್ನುತ್ತಾ ಕೂರುತ್ತದೆ.

ಮೊದಲ ಏಟು ಬೀಳುವುದು ಶುಗರ್ ಟೆಸ್ಟಿಗೆ. ಬೇರ್ಪಡಿಸದ ರಕ್ತವನ್ನು ಕೋಣೆಯ ಉಷ್ಣತೆಯಲ್ಲಿ ಹಾಗೇ ಇಟ್ಟರೆ ಗ್ಲೂಕೋಸ್ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ಸಕ್ಕರೆ ಕಾಯಿಲೆ, 100ರಿಂದ 125 ಇದ್ದರೆ ಅದರ ಮುನ್ಸೂಚನೆ. ನಿಜವಾದ ಅಳತೆ 128 ಇದ್ದವರ ರಕ್ತ ಬೇರ್ಪಡದೆ ಸಾದಾ ಟ್ಯೂಬಿನಲ್ಲಿ ಎರಡೂವರೆ ಗಂಟೆ ಸುತ್ತಾಡಿದರೆ ರಿಪೋರ್ಟಿನಲ್ಲಿ 110ರ ಆಸುಪಾಸು ಬರಬಹುದು. ಕಾಯಿಲೆ ಇದ್ದವರಿಗೆ 'ಸ್ವಲ್ಪ ಎಚ್ಚರ ಇರಲಿ' ಎಂಬ ಸಮಾಧಾನ ಸಿಕ್ಕಿ, ಔಷಧಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಸೋಂಕಿನಿಂದ ಬಿಳಿ ರಕ್ತಕಣ ಹೆಚ್ಚಾಗಿದ್ದವರಲ್ಲಿ ಇಳಿತ ಇನ್ನೂ ವೇಗ.

ಇದನ್ನು ತಡೆಯಲಿಕ್ಕೇ ಬೂದು ಮುಚ್ಚಳದ ಟ್ಯೂಬ್ ಇರುವುದು. ಅದರೊಳಗಿನ ಸೋಡಿಯಂ ಫ್ಲೋರೈಡ್ ಎನೊಲೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಆದರೆ ಎನೊಲೇಸ್ ಇರುವುದು ಹತ್ತು ಹಂತಗಳಲ್ಲಿ ಒಂಬತ್ತನೆಯದರಲ್ಲಿ. ಹೆದ್ದಾರಿಯ ಕೊನೆಯ ಟೋಲಿನಲ್ಲಿ ಗೇಟು ಹಾಕಿದರೆ ಹಿಂದಿನ ವಾಹನಗಳು ನಿಲ್ಲಲು ಸಮಯ ಬೇಕಲ್ಲ, ಹಾಗೆ. ಮೊದಲ ಹಂತದ ಹೆಕ್ಸೊಕೈನೇಸ್ ಒಂದರಿಂದ ನಾಲ್ಕು ಗಂಟೆಯವರೆಗೂ ಗ್ಲೂಕೋಸನ್ನು ಒಳಗೆಳೆಯುತ್ತಲೇ ಇರುತ್ತದೆ. ಅಲ್ಲಿಂದಾಚೆ ಅಳತೆ ನಿಂತಲ್ಲೇ ನಿಲ್ಲುತ್ತದೆ. ಸಿಟ್ರೇಟ್ ಸೇರಿಸಿ ರಕ್ತವನ್ನು ಹುಳಿಯಾಗಿಸುವ ಟ್ಯೂಬುಗಳು ಮೊದಲ ಹಂತಗಳನ್ನೇ ತಡೆಯುವುದರಿಂದ ಇನ್ನೂ ಉತ್ತಮ. ಅವನ್ನು ಬಳಸುವ ಲ್ಯಾಬ್ ನಿಮಗೆ ಸಿಕ್ಕಿದರೆ ಅದನ್ನೇ ಹಿಡಿದುಕೊಳ್ಳಿ. ಕೆಲವರು ಖರ್ಚು ಉಳಿಸಲು ಬೂದು ಟ್ಯೂಬನ್ನೇ ಬಿಟ್ಟು, ಹಳದಿ ಮುಚ್ಚಳದ ಜೆಲ್ ಟ್ಯೂಬಿನ ಸೀರಮ್ಮಿನಲ್ಲೇ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲೇ) ಶುಗರ್ ನೋಡುತ್ತಾರೆ. ಬೇಗ ಸೆಂಟ್ರಿಫ್ಯೂಜ್ ಮಾಡಿದರೆ ಅದೂ ಸರಿಯೇ. ತಡವಾದರೆ ನಂಬಬಾರದು. ಶುಗರ್ ಬರೆದುಕೊಟ್ಟಿದ್ದರೆ ಬ್ಯಾಗಿನಿಂದ ಬೂದು ಮುಚ್ಚಳ ಹೊರಬಂತೇ ಎಂದು ನೋಡಿ. ಬರದಿದ್ದರೆ ಕೇಳಲು ಸಂಕೋಚ ಬೇಡ.

ಎರಡನೆಯದು ಪೊಟ್ಯಾಸಿಯಂ. ನಮ್ಮ ಮಟ್ಟಿಗೆ ಮನೆಸೇವೆಯ ಅತಿ ದುರ್ಬಲ ಕೊಂಡಿ ಇದೇ. ರಕ್ತದ ದ್ರವದಲ್ಲಿ ಪೊಟ್ಯಾಸಿಯಂ ಸುಮಾರು 3.5ರಿಂದ 5.1 ಇರಬೇಕು. ಕೆಂಪು ಕಣದ ಒಳಗೆ ಅದರ ಇಪ್ಪತ್ತು ಪಟ್ಟಿಗೂ ಮೀರಿ ತುಂಬಿರುತ್ತದೆ. ಹಾಗಾಗಿ ನೂರರಲ್ಲಿ ಒಂದೆರಡು ಕಣ ಒಡೆದರೂ ಹೊರಗಿನ ಅಂಕಿ ಏರುತ್ತದೆ. ಕಣ ಒಡೆಯದೆಯೂ ಏರಬಹುದು, ಪಂಪು ನಿಂತರೆ ಸಾಕು. ಪಂಪು ನಿಲ್ಲಿಸುವ ಸುಲಭ ಉಪಾಯ ಎಂದರೆ ತಣ್ಣಗೆ ಮಾಡುವುದು.

ಇಲ್ಲೇ ಒಳ್ಳೆಯ ಉದ್ದೇಶದಿಂದ ಆಗುವ ತಪ್ಪೊಂದಿದೆ. ಐಸ್ ಪ್ಯಾಕ್ ಇಟ್ಟ ಡಬ್ಬಿ ನೋಡಿದರೆ ಯಾರಿಗಾದರೂ 'ಎಷ್ಟು ಜೋಪಾನ ಮಾಡ್ತಾರೆ' ಅನ್ನಿಸುತ್ತದೆ. ಹಾಲು ಕೆಡದ ಹಾಗೆ ರಕ್ತವೂ ಕೆಡುವುದಿಲ್ಲ ಎಂಬ ಲೆಕ್ಕಾಚಾರ. ಆದರೆ ಇನ್ನೂ ಬೇರ್ಪಡಿಸದ ರಕ್ತದ ಟ್ಯೂಬ್ ಐಸಿಗೆ ತಾಗಿ ಕೂತರೆ ಪಂಪಿನ ಕೆಲಸ ನಿಧಾನವಾಗುತ್ತದೆ. ಒಳಗಿನ ಪೊಟ್ಯಾಸಿಯಂ ಮಾತ್ರ ಸೋರುತ್ತಲೇ ಇರುತ್ತದೆ, ಮತ್ತೆ ಒಳಗೆ ಎಳೆದುಕೊಳ್ಳುವವರಿಲ್ಲ. ಕೆಲವೇ ಗಂಟೆಗಳಲ್ಲಿ ಸರಿಯಿದ್ದ ಪೊಟ್ಯಾಸಿಯಂ ಹೆಚ್ಚಾಗಿ ಕಾಣುತ್ತದೆ. ಕಣ ಒಡೆದಿರುವುದಿಲ್ಲವಾದ್ದರಿಂದ ಸೀರಮ್ ಕೆಂಪಾಗುವುದಿಲ್ಲ, ಯಂತ್ರಕ್ಕೂ ಸುಳಿವು ಸಿಗುವುದಿಲ್ಲ. ಸರಿಯಾದ ಕ್ರಮ ಹೀಗೆ: ಸೀರಮ್ ಬೇರ್ಪಡುವವರೆಗೆ 20ರಿಂದ 25 ಡಿಗ್ರಿ, ಬೇರ್ಪಟ್ಟ ಮೇಲೆ ತಂಪು. ಬೆಂಗಳೂರಿನ ಹವೆ ವರ್ಷದ ಬಹುಪಾಲು ಇದಕ್ಕೆ ಹೇಳಿಮಾಡಿಸಿದಂತಿದೆ. ತೊಂದರೆ ಇರುವುದು ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ ಟ್ಯೂಬ್ ಇಟ್ಟಾಗ. ಬ್ಯಾಗಿನಲ್ಲಿ ಐಸ್ ಪ್ಯಾಕ್‌ಗೂ ಟ್ಯೂಬಿಗೂ ನಡುವೆ ದಪ್ಪ ಪದರವಿದ್ದು, ಒಳಗೆ ಥರ್ಮಾಮೀಟರ್ ಇಟ್ಟುಕೊಂಡವರು ಕೆಲಸ ಬಲ್ಲವರು. ಅಮೋನಿಯಾ, ಎಸಿಟಿಎಚ್‌ನಂಥ ಕೆಲವೇ ಪರೀಕ್ಷೆಗಳಿಗೆ ಐಸ್ ಬೇಕೇಬೇಕು. ಅವನ್ನು ಮನೆಯಲ್ಲಿ ಮಾಡಿಸಲೇಬೇಡಿ, ಆಸ್ಪತ್ರೆಯ ಲ್ಯಾಬಿಗೇ ಹೋಗಿ.

ಪೊಟ್ಯಾಸಿಯಂ ಕೆಡಿಸುವ ಇನ್ನೊಂದು ಅಭ್ಯಾಸ ಕುರ್ಚಿಯಲ್ಲಿ ಕೂತವರದ್ದೇ. ನರ ಸಿಗಲಿ ಎಂದು 'ಮುಷ್ಟಿ ಬಿಗಿ ಮಾಡಿ, ಬಿಡಿ, ಬಿಗಿ ಮಾಡಿ, ಬಿಡಿ' ಎಂದು ಹೇಳುವುದು ಇಲ್ಲಿ ರೂಢಿ. ಪ್ರತಿ ಹಿಂಡುವಿಕೆಯಲ್ಲೂ ಮುಂಗೈ ಸ್ನಾಯುವಿನ ಕೋಶಗಳು ಪೊಟ್ಯಾಸಿಯಂ ಹೊರಬಿಡುತ್ತವೆ. ಮೇಲೆ ಪಟ್ಟಿ ಬಿಗಿದಿರುವುದರಿಂದ ಅದು ಅಲ್ಲೇ ನಿಂತು, ನೇರ ಟ್ಯೂಬಿಗೆ ಬರುತ್ತದೆ. ಮುಷ್ಟಿಯನ್ನು ಒಮ್ಮೆ ಮೆಲ್ಲಗೆ ಮುಚ್ಚಿ ಹಿಡಿದರೆ ಸಾಕು. ಪಟ್ಟಿ ಒಂದು ನಿಮಿಷ ಮೀರಬಾರದು. ಮೀರಿದರೆ ನೀರಿನಂಶ ರಕ್ತನಾಳದಿಂದ ಹೊರಗೆ ಜಿನುಗಿ, ಒಳಗುಳಿದ ಪ್ರೋಟೀನ್, ಕ್ಯಾಲ್ಸಿಯಂ, ಕೊಲೆಸ್ಟ್ರಾಲ್ ಎಲ್ಲವೂ ಹೆಚ್ಚಾಗಿ ಕಾಣುತ್ತವೆ. ನರ ಸಿಗದಿದ್ದರೆ ಪಟ್ಟಿ ಸಡಿಲಿಸಿ, ಕೈ ಕೆಳಗೆ ಇಳಿಬಿಟ್ಟು, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಇಟ್ಟು ಎರಡು ನಿಮಿಷ ಬಿಟ್ಟು ಮತ್ತೆ ನೋಡಬೇಕು.

ತಪ್ಪು ಅಂಕಿ ಎರಡೂ ಕಡೆಗೆ ಕೊಯ್ಯುತ್ತದೆ. ಟೆಲ್ಮಿಸಾರ್ಟಾನ್, ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುತ್ತಿರುವವರಿಗೆ ಸುಳ್ಳು 5.9 ಬಂದರೆ ಹೃದಯವನ್ನೂ ಕಿಡ್ನಿಯನ್ನೂ ಕಾಪಾಡುತ್ತಿದ್ದ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದು, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯಿಂದ ನಿಜವಾಗಿ 2.9ಕ್ಕೆ ಇಳಿದಿರುವವರ ಪೊಟ್ಯಾಸಿಯಂ ಸೋರಿಕೆಯಿಂದ 3.8 ಎಂದು ಕಾಣುವುದು. ರಿಪೋರ್ಟಿನಲ್ಲಿ ಯಾವ ಬಾಣದ ಗುರುತೂ ಇರುವುದಿಲ್ಲ, ಹೃದಯದ ಲಯ ಮಾತ್ರ ಅಪಾಯದಲ್ಲಿರುತ್ತದೆ. ಕಿಡ್ನಿ ಸಮಸ್ಯೆ ಇದ್ದು ಪದೇ ಪದೇ ಪೊಟ್ಯಾಸಿಯಂ ನೋಡಬೇಕಾದವರಿಗೆ ನಮ್ಮ ಸ್ಪಷ್ಟ ಸಲಹೆ: ಈ ಒಂದು ಟೆಸ್ಟಿಗೆ ಮನೆಸೇವೆ ಬೇಡ. ಸೆಂಟ್ರಿಫ್ಯೂಜ್ ಇರುವ ಲ್ಯಾಬಿನಲ್ಲೇ ಕೂತು ರಕ್ತ ಕೊಡಿ.

ಈಗ ಸೂಜಿ ಹಿಡಿದ ಕೈಯ ವಿಚಾರ. ಈ ಕೆಲಸ ಮಾಡುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಬಹಳ ನುರಿತವರು. ಅಜ್ಜಿಯರ ಕೈಯ ತೆಳು ನರವನ್ನೂ ಒಂದೇ ಸಲಕ್ಕೆ ಹಿಡಿಯುತ್ತಾರೆ. ಅಂಥವರ ಕೆಲಸ ಗಮನಿಸಿದರೆ ಒಂದು ಕ್ರಮ ಕಾಣುತ್ತದೆ. ಸ್ಪಿರಿಟ್ ಒರೆಸಿದ ಮೇಲೆ ಅರ್ಧ ನಿಮಿಷ ಆರಲು ಬಿಡುತ್ತಾರೆ, ಊದುವುದಿಲ್ಲ. ಒದ್ದೆ ಸ್ಪಿರಿಟ್ ಸೂಜಿಯೊಂದಿಗೆ ಒಳಗೆ ಹೋದರೆ ಉರಿಯುತ್ತದೆ, ಕೆಂಪು ಕಣಗಳನ್ನೂ ಒಡೆಯುತ್ತದೆ. ಸೂಜಿ 21 ಅಥವಾ 22 ಗೇಜ್, ಸಣ್ಣ ನರಕ್ಕೆ 23ರ ಬಟರ್‌ಫ್ಲೈ. ಟ್ಯೂಬನ್ನು ಹೋಲ್ಡರಿಗೆ ಚುಚ್ಚಿ ನಿರ್ವಾತದ ಎಳೆತಕ್ಕೆ ಬಿಡುತ್ತಾರೆ. ಸಿರಿಂಜಿನಲ್ಲಿ ರಭಸದಿಂದ ಎಳೆದು, ಅದೇ ಸೂಜಿಯಿಂದ ರಬ್ಬರ್ ಮುಚ್ಚಳ ಚುಚ್ಚಿ, ಹೆಬ್ಬೆರಳಿನಿಂದ ಒತ್ತಿ ತುಂಬಿಸುವುದನ್ನು ಕಂಡರೆ ಆ ರಕ್ತದ ಪೊಟ್ಯಾಸಿಯಂ, ಎಲ್‌ಡಿಎಚ್, ಎಎಸ್‌ಟಿ ಮೂರನ್ನೂ (ಕೊನೆಯ ಎರಡು ಕಣದೊಳಗಿನ ಕಿಣ್ವಗಳು) ಅನುಮಾನದಿಂದಲೇ ನೋಡಬೇಕು. ಅಷ್ಟು ಕಿರಿದಾದ ತೂತಿನಲ್ಲಿ ಅಷ್ಟು ಒತ್ತಡಕ್ಕೆ ಕಣದ ಪೊರೆ ಹರಿದುಹೋಗುತ್ತದೆ. ಲ್ಯಾಬಿನವರ ಮಾತಿನಲ್ಲಿ 'ಸ್ಯಾಂಪಲ್ ಹಿಮೊಲೈಸ್ ಆಗಿದೆ'.

ಟ್ಯೂಬುಗಳ ಸರದಿಗೂ ಕಾರಣವಿದೆ. ಮೊದಲು ತಿಳಿನೀಲಿ, ಆಮೇಲೆ ಕೆಂಪು ಅಥವಾ ಹಳದಿ, ಆಮೇಲೆ ನೇರಳೆ, ಕೊನೆಗೆ ಬೂದು. ನೇರಳೆಯಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಂ ಅಯಾನನ್ನು ಏಡಿಯ ಹಾಗೆ ಕಚ್ಚಿ ಹಿಡಿದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಮೊದಲು ನೇರಳೆ ತುಂಬಿ, ಅದೇ ಸೂಜಿಯ ತುದಿಯಲ್ಲಿ ಒಂದು ಹನಿ ಹಳದಿಗೆ ಹೋದರೆ, ಅಥವಾ ನೇರಳೆಯಲ್ಲಿ ಹೆಚ್ಚಾದದ್ದನ್ನು ಹಳದಿಗೆ ಸುರಿದರೆ, ರಿಪೋರ್ಟಿನಲ್ಲಿ ವಿಚಿತ್ರ ಜೋಡಿ ಕಾಣಿಸುತ್ತದೆ. ಪೊಟ್ಯಾಸಿಯಂ ಬಹಳ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಜೊತೆಗೆ ಆಲ್ಕಲೈನ್ ಫಾಸ್ಫಟೇಸ್ ಕೂಡ ಕುಸಿದಿರುತ್ತದೆ, ಯಾಕೆಂದರೆ ಆ ಕಿಣ್ವ ಕೆಲಸ ಮಾಡಲು ಬೇಕಾದ ಸತು, ಮೆಗ್ನೀಸಿಯಂ ಎರಡನ್ನೂ ಇಡಿಟಿಎ ಕಿತ್ತುಕೊಂಡಿರುತ್ತದೆ. ಈ ಮೂರು ಒಟ್ಟಿಗೆ ಕಂಡರೆ ಗಾಬರಿಬಿದ್ದು ಎಮರ್ಜೆನ್ಸಿಗೆ ಓಡುವ ಮುನ್ನ ಹೊಸ ಸ್ಯಾಂಪಲ್ ಕೊಡಿ. ಸುಸ್ತು, ಎದೆಬಡಿತ ಇದ್ದರೆ ಮಾತ್ರ ಕಾಯಬೇಡಿ.

ತುಂಬಿದ ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ಮಾಡಬೇಕು. ನೇರಳೆ ಮತ್ತು ಬೂದು ಎಂಟರಿಂದ ಹತ್ತು ಸಲ, ಹಳದಿ ಐದು ಸಲ, ತಿಳಿನೀಲಿ ಮೂರ್ನಾಲ್ಕು ಸಲ. ಅಲ್ಲಾಡಿಸಿ ಕುಲುಕಿದರೆ ಕಣ ಒಡೆಯುತ್ತದೆ, ಹಾಗೇ ಬಿಟ್ಟರೆ ಕಣ್ಣಿಗೆ ಕಾಣದ ಸಣ್ಣ ಹೆಪ್ಪುಗಳು ಕಟ್ಟುತ್ತವೆ. ಹಳದಿ ಟ್ಯೂಬನ್ನು ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹೆಪ್ಪಾಗಲು ಬಿಡಬೇಕು. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ತಿರುಗಿಸಿದರೆ ಜೆಲ್ ಮೇಲೆದ್ದು ಕಣಗಳಿಗೂ ಸೀರಮ್ಮಿಗೂ ನಡುವೆ ಗೋಡೆ ಕಟ್ಟುತ್ತದೆ. ಆ ಗೋಡೆ ಎದ್ದ ಮೇಲೆ ಊರೊಳಗಿನ ಪ್ರಯಾಣಕ್ಕೆ ಹೆಚ್ಚು ಚಿಂತೆಯಿಲ್ಲ. ಹಾಗಾಗಿ ಲ್ಯಾಬ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: 'ನಮ್ಮ ಮನೆಯಿಂದ ತೆಗೆದ ರಕ್ತ ಎಲ್ಲಿ, ಎಷ್ಟು ಹೊತ್ತಿನಲ್ಲಿ ಸೆಂಟ್ರಿಫ್ಯೂಜ್ ಆಗುತ್ತದೆ?' ಪ್ರತಿ ಬಡಾವಣೆಯ ಹತ್ತಿರ ಸಣ್ಣ ಕೇಂದ್ರ ಇಟ್ಟುಕೊಂಡು, ಅಲ್ಲಿ ಬೇರ್ಪಡಿಸಿ, ಆಮೇಲೆ ದೊಡ್ಡ ಲ್ಯಾಬಿಗೆ ಕಳಿಸುವವರು ಉತ್ತಮ. ವೈಟ್‌ಫೀಲ್ಡ್‌ನಿಂದ ಊರಿನ ಇನ್ನೊಂದು ಮೂಲೆಗೆ ಹತ್ತು ಮನೆ ಸುತ್ತಿ ಒಟ್ಟಿಗೆ ಒಯ್ಯುವವರಿಗೆ ಎರಡು ಗಂಟೆಯೊಳಗೆ ಬೇರ್ಪಡಿಸುವ ಮಿತಿ ಉಳಿಸಿಕೊಳ್ಳುವುದು ಕಷ್ಟ. ಇದಕ್ಕೆ ಉತ್ತರ ಗೊತ್ತಿಲ್ಲದ ಕಾಲ್ ಸೆಂಟರ್ ಆದರೆ ಆ ಲ್ಯಾಬನ್ನು ಬಿಟ್ಟುಬಿಡಿ.

ತಿಳಿನೀಲಿ ಟ್ಯೂಬಿನ ಬಗ್ಗೆ ಒಂದೇ ಮಾತು. ಹೃದಯದ ಕೃತಕ ಕವಾಟ ಇದ್ದು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಪ್ಪುಗಟ್ಟಲು ಹಿಡಿಯುವ ಸಮಯ ನೋಡುವ ಐಎನ್ಆರ್ ಟೆಸ್ಟಿಗೆ ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ ಇರಲೇಬೇಕು. ಗೆರೆಗಿಂತ ಕೆಳಗೆ ತುಂಬಿದರೆ ಸಿಟ್ರೇಟ್ ಹೆಚ್ಚಾಗಿ ಐಎನ್ಆರ್ ಸುಳ್ಳೇ ಏರುತ್ತದೆ, ಮಾತ್ರೆ ಕಡಿಮೆ ಮಾಡಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಗೆರೆಯವರೆಗೆ ತುಂಬಿಲ್ಲವಾದರೆ ಮತ್ತೊಂದು ಟ್ಯೂಬ್ ತೆಗೆಯಲು ಹೇಳಿ.

ಮಳೆಗಾಲದಲ್ಲಿ ಡೆಂಗ್ಯೂ ಶುರುವಾದರೆ ಇಡೀ ಬೆಂಗಳೂರು ಪ್ಲೇಟ್‌ಲೆಟ್ ಲೆಕ್ಕ ಹಾಕುತ್ತಾ ಕೂರುತ್ತದೆ. ಮನೆಸೇವೆ ಅತಿ ಹೆಚ್ಚು ಬಳಕೆಯಾಗುವುದೂ ಆಗಲೇ. ಒಂದು ಅಪರೂಪದ ಮೋಸ ಇಲ್ಲಿ ಗೊತ್ತಿರಲಿ. ಪ್ಲೇಟ್‌ಲೆಟ್ಟಿನ ಪೊರೆಯ ಮೇಲೆ ಎರಡು ಪ್ರೋಟೀನುಗಳು ಸೇರಿ ಆದ ಒಂದು ಗ್ರಾಹಕವಿದೆ, ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್ಟುಗಳು ಒಂದಕ್ಕೊಂದು ಕೈ ಹಿಡಿಯುವುದು ಅದರ ಮೂಲಕವೇ. ಈ ಜೋಡಿ ಬಿಗಿಯಾಗಿರಲು ಕ್ಯಾಲ್ಸಿಯಂ ಬೇಕು. ಇಡಿಟಿಎ ಕ್ಯಾಲ್ಸಿಯಂ ಕಿತ್ತುಕೊಂಡಾಗ ಜೋಡಿ ಸಡಿಲವಾಗಿ, ಒಳಗೆ ಅಡಗಿದ್ದ ಭಾಗವೊಂದು ಹೊರಗೆ ಕಾಣುತ್ತದೆ. ಕೆಲವರ ರಕ್ತದಲ್ಲಿ ಆ ಭಾಗಕ್ಕೆ ಅಂಟುವ ಪ್ರತಿಕಾಯ ಇರುತ್ತದೆ. ಟ್ಯೂಬಿನೊಳಗೇ ಪ್ಲೇಟ್‌ಲೆಟ್ಟುಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಯಂತ್ರ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ, ಎರಡು ಲಕ್ಷ ಇದ್ದದ್ದು ಐವತ್ತು ಸಾವಿರ ಎಂದು ಬರುತ್ತದೆ. ದೇಹದೊಳಗೆ ಏನೂ ಆಗಿರುವುದಿಲ್ಲ.

ಇದನ್ನು ಹಿಡಿಯುವ ದಾರಿ ಸುಲಭ: ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಎಳೆದು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುವುದು. ಗುಂಪು ಕಂಡರೆ ತಿಳಿನೀಲಿ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಎಣಿಸಿ, ಸಿಟ್ರೇಟ್ ದ್ರವ ಸೇರಿ ತೆಳುವಾದದ್ದಕ್ಕೆ 1.1ರಿಂದ ಗುಣಿಸುವುದು. ಒಳ್ಳೆಯ ಲ್ಯಾಬ್ ರಿಪೋರ್ಟಿನ ಕೆಳಗೆ ಸ್ಮಿಯರ್ (ಎಂದರೆ ಈ ಸ್ಲೈಡ್) ನೋಡಿದ್ದೇವೆ ಎಂದು ಬರೆದಿರುತ್ತದೆ. ಜ್ವರ, ಮೈಕೈ ನೋವು ಇಲ್ಲದೆ, ಒಸಡಿನಲ್ಲಾಗಲಿ ಚರ್ಮದಲ್ಲಾಗಲಿ ರಕ್ತದ ಗುರುತಿಲ್ಲದೆ ಪ್ಲೇಟ್‌ಲೆಟ್ ದಿಢೀರ್ ಕಡಿಮೆ ಬಂದರೆ ಮೊದಲು ಕೇಳಬೇಕಾದದ್ದು ಇದನ್ನೇ. ನಿಜವಾದ ಡೆಂಗ್ಯೂವಿನಲ್ಲಿ ಪ್ಲೇಟ್‌ಲೆಟ್ಟಿಗಿಂತ ಅಪಾಯ ತರುವುದು ರಕ್ತನಾಳದ ಒಳಪದರ ಸಡಿಲವಾಗಿ ದ್ರವ ಸೋರುವುದು. ಅದರ ಸುಳಿವು ಅದೇ ರಿಪೋರ್ಟಿನ ಇನ್ನೊಂದು ಸಾಲಿನಲ್ಲಿ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂದು ಹೇಳುವ ಪಿಸಿವಿ ಅಥವಾ ಹಿಮಟೊಕ್ರಿಟ್ ಏರುತ್ತಾ ಹೋಗುವುದರಲ್ಲಿ ಇರುತ್ತದೆ. ಜ್ವರ ಇಳಿದ ಮೇಲಿನ ಒಂದೆರಡು ದಿನ ಹೊಟ್ಟೆನೋವು, ನಿಲ್ಲದ ವಾಂತಿ ಇದ್ದರೆ ಲ್ಯಾಬಿನವರಿಗೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಎಚ್‌ಬಿಎ1ಸಿಗೆ ಮನೆಸೇವೆ ಬಹಳ ಒಪ್ಪುತ್ತದೆ. ಕೆಲವು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಟೆಸ್ಟ್ ಇದು. ನೇರಳೆ ಟ್ಯೂಬ್, ಉಪವಾಸ ಬೇಡ, ಪ್ರಯಾಣಕ್ಕೆ ಹೆದರದ ಅಣು. ಹಿಮೊಗ್ಲೋಬಿನ್ನಿನ ಬೀಟಾ ಸರಪಳಿಯ ತುದಿಯಲ್ಲಿರುವ ವ್ಯಾಲೀನ್‌ಗೆ ಗ್ಲೂಕೋಸ್ ಯಾವ ಕಿಣ್ವದ ನೆರವೂ ಇಲ್ಲದೆ ಅಂಟಿಕೊಳ್ಳುತ್ತದೆ. ಮೊದಲು ಸಡಿಲವಾಗಿ, ಆಮೇಲೆ ಬಿಡಿಸಲಾಗದಂತೆ. ಕೆಂಪು ಕಣ ಬದುಕುವುದು ಸುಮಾರು 120 ದಿನ, ಆದ್ದರಿಂದ ಈ ಅಂಕಿ ಕಳೆದ ಎರಡು ಮೂರು ತಿಂಗಳ ಲೆಕ್ಕ. 7 ಶೇಕಡಾ ಎಂದರೆ ಸರಾಸರಿ ಸಕ್ಕರೆ ಸುಮಾರು 154. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ.

ಆದರೆ ಈ ಲೆಕ್ಕವೆಲ್ಲ ಕಣದ ಆಯಸ್ಸಿನ ಮೇಲೆ ನಿಂತಿದೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಹೊಸ ಕಣ ಹುಟ್ಟುವುದು ಕಡಿಮೆಯಾಗಿ ಹಳೆಯವೇ ಹೆಚ್ಚು ಉಳಿದಿರುತ್ತವೆ. ಸಕ್ಕರೆ ಸರಿಯಿದ್ದರೂ ಎಚ್‌ಬಿಎ1ಸಿ ಏರಿ ಕಾಣುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ ಇದನ್ನು ಮರೆತರೆ ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗುತ್ತದೆ. ಕಣಗಳು ಬೇಗ ಒಡೆಯುವ ಕಾಯಿಲೆ, ಈಚೆಗೆ ರಕ್ತ ಹಾಕಿಸಿಕೊಂಡದ್ದು, ಇವುಗಳಲ್ಲಿ ಅಂಕಿ ಸುಳ್ಳೇ ಇಳಿಯಬಹುದು. ಹಾಗಾಗಿ ಎಚ್‌ಬಿಎ1ಸಿ ಜೊತೆ ಹಿಮೊಗ್ಲೋಬಿನ್, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ನೋಡದೆ ತೀರ್ಮಾನ ಮಾಡಬೇಡಿ. ಎಚ್‌ಪಿಎಲ್‌ಸಿ ಎಂಬ, ಹಿಮೊಗ್ಲೋಬಿನ್ ವಿಧಗಳನ್ನು ಬೇರೆ ಬೇರೆ ಮಾಡಿ ಅಳೆಯುವ ವಿಧಾನದಲ್ಲಿ ಮಾಡುವ ಲ್ಯಾಬ್ ಆದರೆ ಗ್ರಾಫನ್ನೂ ಕೇಳಿ ಪಡೆಯಿರಿ. ಅದರಲ್ಲಿ ಬೇರೆ ಜಾಗದಲ್ಲಿ ಗುಡ್ಡವೊಂದು ಎದ್ದಿದ್ದರೆ ಹಿಮೊಗ್ಲೋಬಿನ್ ಇ, ಎಸ್ ಅಥವಾ ಡಿಯಂಥ ಹುಟ್ಟಿನಿಂದ ಬಂದ ರೂಪಾಂತರ ಇರಬಹುದು. ಎಷ್ಟೋ ಮಂದಿಗೆ ಅದು ಮೊದಲು ತಿಳಿಯುವುದು ಹೀಗೇ.

ಲಿವರ್ ಪಟ್ಟಿಯನ್ನು ಓದುವಾಗ ಕಿಣ್ವಗಳು ಕೋಶದ ಯಾವ ಜಾಗದಲ್ಲಿ ವಾಸವಾಗಿವೆ ಎಂದು ತಿಳಿದರೆ ಅರ್ಧ ಕೆಲಸ ಆದ ಹಾಗೆ. ಎಎಲ್‌ಟಿ ಹೆಚ್ಚಾಗಿ ಲಿವರ್ ಕೋಶದ ದ್ರವದಲ್ಲಿದೆ, ಪೊರೆ ಸ್ವಲ್ಪ ಸಡಿಲವಾದರೂ ಹೊರಬರುತ್ತದೆ. ಎಎಸ್‌ಟಿಯ ಬಹುಪಾಲು ಮೈಟೊಕಾಂಡ್ರಿಯಾದೊಳಗೆ, ಅದು ಬರಬೇಕಾದರೆ ಹೊಡೆತ ಆಳವಾಗಿರಬೇಕು. ಮದ್ಯ ಮೈಟೊಕಾಂಡ್ರಿಯಾಕ್ಕೇ ಪೆಟ್ಟು ಕೊಡುತ್ತದೆ, ಎಎಲ್‌ಟಿ ತಯಾರಾಗಲು ಬೇಕಾದ ಬಿ6 ಅನ್ನೂ ಬರಿದು ಮಾಡುತ್ತದೆ. ಅದಕ್ಕೇ ಕುಡಿತದ ಲಿವರ್‌ನಲ್ಲಿ ಎಎಸ್‌ಟಿ, ಎಎಲ್‌ಟಿಯ ಎರಡು ಪಟ್ಟು ಮೀರಿರುವುದು. ಕೊಬ್ಬು ತುಂಬಿದ ಲಿವರ್‌ನಲ್ಲಿ ಶುರುವಿಗೆ ಎಎಲ್‌ಟಿಯೇ ಮುಂದಿರುತ್ತದೆ. ಆದರೆ ಎಎಸ್‌ಟಿ ಸ್ನಾಯುವಿನಲ್ಲೂ ಇದೆ. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ದೂರ ಓಡಿ, ಅಥವಾ ಜಿಮ್ಮಿನಲ್ಲಿ ಭಾರ ಎತ್ತಿ, ಸೋಮವಾರ ರಕ್ತ ಕೊಟ್ಟರೆ ಎಎಸ್‌ಟಿ ಏರಿರುವುದು ಸಹಜ. ಸ್ನಾಯುವಿನ ಕಿಣ್ವ ಅಳೆಯುವ ಸಿಕೆ ಟೆಸ್ಟ್ ಜೊತೆಗೆ ಮಾಡಿಸಿದರೆ ಮೂಲ ತಿಳಿಯುತ್ತದೆ, ಇಲ್ಲವೇ ಒಂದು ವಾರ ವ್ಯಾಯಾಮ ಬಿಟ್ಟು ಮತ್ತೆ ನೋಡಿ. ಬೆಳೆಯುವ ಮಕ್ಕಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ದೊಡ್ಡವರ ಮಿತಿಗಿಂತ ಹೆಚ್ಚಿರುವುದು ಮೂಳೆ ಕಟ್ಟುವ ಕೋಶಗಳಿಂದ. ಮಕ್ಕಳ ರಿಪೋರ್ಟಿಗೂ ದೊಡ್ಡವರ ಮಿತಿಯನ್ನೇ ಅಚ್ಚುಹಾಕಿ ಕೆಂಪು ಬಣ್ಣದಲ್ಲಿ ತೋರಿಸುವ ಲ್ಯಾಬುಗಳು ತಂದೆತಾಯಿಗಳನ್ನು ಸುಮ್ಮನೆ ಹೆದರಿಸುತ್ತವೆ. ಇದು ತಿದ್ದಿಕೊಳ್ಳಲೇಬೇಕಾದ ದೋಷ.

ಥೈರಾಯ್ಡ್ ಟೆಸ್ಟಿನ ಮುಂಚೆ ಬುಕಿಂಗ್ ತೆಗೆದುಕೊಳ್ಳುವ ಲ್ಯಾಬಿನವರು ಒಂದು ಪ್ರಶ್ನೆ ಕೇಳಲೇಬೇಕು, ಆದರೆ ಕೇಳುವವರು ಕಡಿಮೆ: 'ಕೂದಲಿಗೆ, ಉಗುರಿಗೆ ಬಯೋಟಿನ್ ಮಾತ್ರೆ ತಗೊಳ್ತಿದ್ದೀರಾ?' ಹಲವು ಯಂತ್ರಗಳು ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಹಾರ್ಮೋನನ್ನು ಹಿಡಿಯಲು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಎರಡು ಅಣುಗಳ ಬಲವಾದ ಬೆಸುಗೆಯನ್ನೇ ಬಳಸುತ್ತವೆ. ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿದ್ದರೆ ಅದು ಸ್ಟ್ರೆಪ್ಟಾವಿಡಿನ್ನಿನ ಜಾಗವನ್ನೆಲ್ಲ ಆಕ್ರಮಿಸಿಕೊಂಡು, ಟಿಎಸ್‌ಎಚ್ ಸುಳ್ಳೇ ಕಡಿಮೆ, ಥೈರಾಯ್ಡ್ ತಯಾರಿಸುವ ಟಿ4 ಸುಳ್ಳೇ ಹೆಚ್ಚು ಎಂದು ತೋರಿಸುತ್ತದೆ. ನೋಡಲು ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರುವ ಹಾಗೇ ಇರುತ್ತದೆ. 5 ಅಥವಾ 10 ಮಿಲಿಗ್ರಾಂ ಮಾತ್ರೆ ನುಂಗುವವರು ಕನಿಷ್ಠ ಎರಡು ಮೂರು ದಿನ ಬಿಟ್ಟು ರಕ್ತ ಕೊಡಬೇಕು. ಥೈರಾಕ್ಸಿನ್ ಮಾತ್ರೆಯನ್ನು ಆ ದಿನ ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಟೆಸ್ಟ್ ಮಾಡಿಸಿ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನಕ್ಕೆ ಇಳಿಯುವ ಹಾರ್ಮೋನು.

ಪ್ಯಾಕೇಜುಗಳ ವಿಷಯಕ್ಕೆ ಬಂದರೆ, ಎಂಬತ್ತು, ತೊಂಬತ್ತು ಟೆಸ್ಟ್ ಎಂಬ ಸಂಖ್ಯೆಗೆ ಬೆರಗಾಗಬೇಕಿಲ್ಲ. ರಕ್ತಕಣಗಳನ್ನು ಎಣಿಸುವ ಒಂದು ಸಿಬಿಸಿ ಟೆಸ್ಟಿನಲ್ಲೇ ಇಪ್ಪತ್ತಕ್ಕೂ ಹೆಚ್ಚು ಸಾಲುಗಳಿರುತ್ತವೆ, ಪ್ರತಿ ಸಾಲನ್ನೂ ಒಂದು ಟೆಸ್ಟ್ ಎಂದು ಎಣಿಸಿರುತ್ತಾರೆ. ಎಲ್‌ಡಿಎಲ್ ಅನ್ನು ಎಷ್ಟೋ ಕಡೆ ಅಳೆಯುವುದೇ ಇಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆದು ಬರೆಯುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೆಲಸಕ್ಕೆ ಬಾರದು, ನೇರವಾಗಿ ಅಳೆಯಲು ಹೇಳಬೇಕು. ಆರೋಗ್ಯವಾಗಿರುವವರ ಪ್ಯಾಕೇಜಿಗೆ ಸಿಇಎ, ಸಿಎ 125, ಸಿಎ 19-9 ಎಂಬ ಕ್ಯಾನ್ಸರ್ ಗುರುತುಗಳನ್ನು ತುರುಕುವುದನ್ನು ನಾವು ಒಪ್ಪುವುದಿಲ್ಲ. ಸಿಎ 125 ಮುಟ್ಟಿನಲ್ಲೂ, ಗರ್ಭಕೋಶದ ಗಡ್ಡೆಯಲ್ಲೂ ಏರುತ್ತದೆ. ಸಿಇಎ ಸಿಗರೇಟು ಸೇದುವವರಲ್ಲಿ ಏರಿರುತ್ತದೆ. ಲೂಯಿಸ್ ರಕ್ತಗುಂಪಿನ ಪ್ರತಿಜನಕ ಇಲ್ಲದವರ ದೇಹಕ್ಕೆ ಸಿಎ 19-9 ಅಣುವನ್ನು ತಯಾರಿಸಲೇ ಬರುವುದಿಲ್ಲ, ಅವರಿಗೆ ಕ್ಯಾನ್ಸರ್ ಇದ್ದರೂ ಅಂಕಿ ಸೊನ್ನೆಯ ಬಳಿಯೇ ಇರುತ್ತದೆ. ಕಾಯಿಲೆ ಪತ್ತೆಯಾದ ಮೇಲೆ ಚಿಕಿತ್ಸೆಯ ಜಾಡು ಹಿಡಿಯಲು ಬಳಸುವ ಟೆಸ್ಟುಗಳಿವು.

ಅದೇ ಹಣದಲ್ಲಿ ಬಿ12 ಮತ್ತು ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಸೇರಿಸಿಕೊಂಡರೆ ಹೆಚ್ಚು ಪ್ರಯೋಜನ, ಮುಖ್ಯವಾಗಿ ಸಸ್ಯಾಹಾರಿಗಳಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಿಗೆ. ಬಿ12 ಕಡಿಮೆಯಾದರೆ ಮೂಳೆಮಜ್ಜೆಯ ಕೋಶಗಳು ಡಿಎನ್‌ಎ ನಕಲು ಮಾಡಲಾಗದೆ ವಿಭಜನೆ ತಡವಾಗಿ ದೊಡ್ಡ ಕಣ ಹುಟ್ಟುತ್ತದೆ. ಕಬ್ಬಿಣ ಕಡಿಮೆಯಾದರೆ ಸಣ್ಣ ಕಣ. ಎರಡೂ ಕೊರತೆ ಒಟ್ಟಿಗಿದ್ದರೆ ಸರಾಸರಿ ಗಾತ್ರ ಸರಿಯಾಗಿಯೇ ಕಾಣುತ್ತದೆ, ಆರ್‌ಡಿಡಬ್ಲ್ಯೂ ಎಂಬ, ಕಣಗಳ ಗಾತ್ರದ ಏರುಪೇರು ತೋರಿಸುವ ಸಾಲು ಮಾತ್ರ ಏರಿರುತ್ತದೆ. ಆ ಸಾಲನ್ನು ಹೆಚ್ಚಿನವರು ಓದುವುದೇ ಇಲ್ಲ.

ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮುದ್ರೆ ಇದೆಯೇ ಎಂದು ನೋಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ವೈದ್ಯಕೀಯ ಲ್ಯಾಬುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 15189ರ ಆ ಮಾನ್ಯತೆ ಲ್ಯಾಬಿನ ಹೆಸರಿಗೆ ಸಾರಾಸಗಟಾಗಿ ಸಿಗುವುದಲ್ಲ. ಯಾವ ವಿಳಾಸದಲ್ಲಿ, ಯಾವ ಟೆಸ್ಟಿಗೆ ಎಂದು ಪಟ್ಟಿ ಇರುತ್ತದೆ, ಅದನ್ನು ಎನ್‌ಎಬಿಎಲ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ರಿಪೋರ್ಟಿನಲ್ಲಿ ಸ್ಯಾಂಪಲ್ ತೆಗೆದ ಹೊತ್ತು, ಲ್ಯಾಬಿಗೆ ತಲುಪಿದ ಹೊತ್ತು ಎರಡೂ ಬೇರೆ ಬೇರೆ ಅಚ್ಚಾಗಿರಬೇಕು. ಎರಡಕ್ಕೂ ಒಂದೇ ಸಮಯ ಹಾಕಿದ್ದರೆ ಅಲ್ಲಿ ಯಾರೂ ಗಡಿಯಾರ ನೋಡಿಲ್ಲ ಎಂದರ್ಥ. ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸುವುದು ನಿಮ್ಮ ಕಣ್ಣೆದುರೇ, ರಕ್ತ ತೆಗೆದ ತಕ್ಷಣ ಆಗಬೇಕು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೊಡುವ ಮನೆಗಳಲ್ಲಿ ಅದಲುಬದಲಾಗುವುದು ಇಲ್ಲೇ.

ಬುಕ್ ಮಾಡುವಾಗ ದಿನದ ಮೊದಲ ಸ್ಲಾಟ್ ಸಿಕ್ಕರೆ ಸಾಕು ಎಂದುಕೊಳ್ಳಬೇಡಿ. ರಸ್ತೆ ಖಾಲಿ ಇರುತ್ತದೆ ನಿಜ, ಆದರೆ ಬ್ಯಾಗಿಗೆ ಮೊದಲು ಬಿದ್ದ ರಕ್ತ ಕೊನೆಯ ಮನೆ ಮುಗಿಯುವವರೆಗೂ ಕಾಯುತ್ತದೆ, ಹಾಗಾಗಿ 'ನಮ್ಮದಾದ ಮೇಲೆ ಎಷ್ಟು ಮನೆ ಇವೆ' ಎಂದು ಬಂದವರನ್ನೇ ಕೇಳಿ. ಖಾಲಿ ಹೊಟ್ಟೆಯ ಟೆಸ್ಟಿಗಾದರೆ ಎಂಟರಿಂದ ಹತ್ತು ತಾಸು ಏನೂ ತಿನ್ನಬಾರದು, ನೀರು ಕುಡಿಯಬಹುದು, ಕಾಫಿ ಬೇಡ, ಸಕ್ಕರೆ ಹಾಕದ್ದೂ ಬೇಡ. ಊಟದ ನಂತರದ ಶುಗರ್‌ಗೆ ಎರಡು ಗಂಟೆ ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದ ಅಲ್ಲ. ಆ ದಿನ ಡಯಟ್ ಎಂದು ಅರ್ಧ ಇಡ್ಲಿ ತಿಂದು ಕೂರದೆ, ಎಂದಿನ ಹಾಗೆ ತಿನ್ನಿ, ಎಂದಿನ ಮಾತ್ರೆಯನ್ನೂ ತೆಗೆದುಕೊಳ್ಳಿ. ರಿಪೋರ್ಟಿನ ಅಡಿಯಲ್ಲಿ ಸ್ಯಾಂಪಲ್ ಹಿಮೊಲೈಸ್ ಆಗಿದೆ ಎಂಬ ಸಣ್ಣ ಅಕ್ಷರದ ಟಿಪ್ಪಣಿ ಕಂಡರೆ, ಹಣ ಕೊಡದೆ ಮರುಸ್ಯಾಂಪಲ್ ಕೇಳಲು ಸಂಕೋಚ ಬೇಡ. ಕೇಳಿದ ಕೂಡಲೇ ಒಪ್ಪಿ, ಬೇರೆ ಕೈಯವರನ್ನು ಕಳಿಸಿ, ಈ ಸಲ ಟ್ಯೂಬನ್ನು ನೇರ ಹತ್ತಿರದ ಕೇಂದ್ರಕ್ಕೆ ಒಯ್ಯುವ ಲ್ಯಾಬ್ ಸಿಕ್ಕರೆ ಅದರ ನಂಬರನ್ನು ಉಳಿಸಿಟ್ಟುಕೊಳ್ಳಿ.